ಉಪ್ಪಿನ ವೈರಿ ಗುರುಶಾಂತಪ್ಪ

ಅಮೆರಿಕದ ವಾಷಿಂಗ್ಟನ್ ಬಳಿಯ ಗೈದರ್ಸ್‌ಬರ್ಗಿನ ಗುರುಶಾಂತಪ್ಪನವರು ತಮ್ಮ ಕಾರಿನ ಹೊಟ್ಟೆಯನ್ನು ಮೊದಲ ಸಲ ನೋಡಿದ್ದು 2020ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ಹದಿನೇಳು ವರ್ಷ ಆ ಕಾರನ್ನು ಓಡಿಸಿದ್ದರು ನಿಜ. ಆದರೆ ಕೈತುಂಬ ಕೆಲಸ ಇರುವವರೆಗೆ ಯಾರಿಗೂ ಕಾರಿನಡಿ ಮಲಗುವ ಯೋಚನೆ ಬರುವುದಿಲ್ಲ. ಆ ವರ್ಷ ಕೊರೊನಾದ ದೆಸೆಯಿಂದ ಆಫೀಸು ಮನೆಗೇ ಬಂದಿತ್ತು. ಔಷಧ ಕಂಪನಿಯೊಂದರಲ್ಲಿ ಗಾಳಿ ಶುದ್ಧ ಮಾಡುವ ಯಂತ್ರಗಳ ಉಸ್ತುವಾರಿ ಅವರದು. ಯಂತ್ರಗಳು ಅಲ್ಲಿ, ಇವರು ಇಲ್ಲಿ. ದಿನಕ್ಕೆ ಮೂರು ಮೀಟಿಂಗು ಮುಗಿಸಿದರೆ ಉಳಿಯುತ್ತಿದ್ದದ್ದು ಬರೀ ಹೊತ್ತು. ಒಂದು ಮಧ್ಯಾಹ್ನ ಗ್ಯಾರೇಜಿನಲ್ಲಿ ಅವರ ಕೈಯಿಂದ ಜಾರಿದ ಪೆನ್ನು ಕಾರಿನಡಿಗೆ ಉರುಳಿತು. ಅದನ್ನು ಹುಡುಕಲು ಬೆನ್ನ ಮೇಲೆ ಮಲಗಿ ಟಾರ್ಚು ಹಾಕಿದರು. ಪೆನ್ನು ಸಿಕ್ಕಿತು. ಜೊತೆಗೆ ಬಾಗಿಲಿನ ಕೆಳಪಟ್ಟಿಯ ಅಂಚಿನಲ್ಲಿ ಎಂಟಾಣೆ ಅಗಲದ ತುಕ್ಕಿನ ಮಚ್ಚೆಯೊಂದೂ ಸಿಕ್ಕಿತು.

ಪೆನ್ನನ್ನು ಅಲ್ಲೇ ಬಿಟ್ಟು ಎದ್ದು ಬಂದರು.

"ಪ್ರತಿಭಾ, ಗಾಡಿಗೆ ತುಕ್ಕು ಹಿಡದೈತಿ."

ಪ್ರತಿಭಾ ಅವರ ಹೆಂಡತಿ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಊರಿಗೆ ಊರೇ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುತ್ತಿದ್ದ ಆ ಕಾಲದಲ್ಲಿ ಹನ್ನೆರಡು ಗಂಟೆ ದುಡಿದು ಆಗಷ್ಟೇ ಮನೆಗೆ ಬಂದಿದ್ದರು. ಶೂ ಬಿಚ್ಚುತ್ತಲೇ ಹೇಳಿದರು:

"ಹದಿನೇಳು ವರ್ಷದ ಗಾಡಿ ರೀ ಅದು. ನನ್ನ ಮೊಣಕಾಲೂ ನೋಯಾಕತ್ತು ನಾಲ್ಕು ವರ್ಷಾತು. ನನಗ ಯಾವಾಗರೆ ಟಾರ್ಚ್ ಹಾಕಿ ನೋಡೀರೇನು?"

ಗುರುಶಾಂತಪ್ಪನವರು ಇದನ್ನು ಪ್ರಶ್ನೆಯೆಂದು ತಿಳಿಯಲಿಲ್ಲ. ಆಗಲೇ ಅವರು ಫೋನಿನಲ್ಲಿ ತುಕ್ಕಿನ ವಿಡಿಯೋ ಹುಡುಕುತ್ತಿದ್ದರು.

ಆ ಕಾರು 2003ರ ಕ್ಯಾಮ್ರಿ. ಬಣ್ಣ ಹಾಲು ಕಡಿಮೆಯಾದ ಚಹಾದ್ದು. ಸುತ್ತಲಿನ ಟೌನ್‌ಹೌಸುಗಳೆಂಬ ಸಾಲುಮನೆಗಳಲ್ಲಿ ಮೂರು ವರ್ಷಕ್ಕೊಮ್ಮೆ ಕಾರು ಬದಲಾಯಿಸುವುದು ಹಲ್ಲುಜ್ಜುವ ಬ್ರಷ್ಷು ಬದಲಾಯಿಸಿದಷ್ಟು ಸಹಜ. ಗುರುಶಾಂತಪ್ಪನವರಿಗೆ ಮಾತ್ರ ಓಡುವ ಗಾಡಿಯನ್ನು ಬಿಡುವುದು ಉಸಿರಾಡುವ ಮನುಷ್ಯನನ್ನು ಮಣ್ಣು ಮಾಡಿದ ಹಾಗೆ ಅನ್ನಿಸುತ್ತಿತ್ತು. ಅವರ ತಂದೆ ಇಳಕಲ್ಲಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಇನ್ನು ಸಾಕು ಎಂದು ಮೇಲಧಿಕಾರಿಗಳು ಬರೆದುಕೊಟ್ಟ ಬಸ್ಸುಗಳನ್ನು ಮತ್ತೆ ಎರಡು ವರ್ಷ ಓಡಿಸುವುದೇ ಅವರ ಪೌರುಷ. ಆ ಬಸ್ಸುಗಳಲ್ಲಿ ಕೂತು ಬಂದವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಮಗನಿಗೆ ಆ ಗುಣ ಹಾಗೇ ಇಳಿದು ಬಂದಿತ್ತು.

ವಿಡಿಯೋಗಳಿಂದ ಗೊತ್ತಾದ ಅಪರಾಧಿ ಉಪ್ಪು. ಇಲ್ಲಿ ಹಿಮ ಬೀಳುವ ಮೊದಲೇ ಲಾರಿಗಳು ಬಂದು ರಸ್ತೆಗೆ ಉಪ್ಪುನೀರು ಬಿಡುತ್ತವೆ, ಬಿದ್ದ ಮೇಲೆ ಹರಳುಪ್ಪು ಎರಚುತ್ತವೆ. ಹಿಮವೇನೋ ಕರಗುತ್ತದೆ. ಕರಗಿದ ರಾಡಿ ಗಾಲಿಯಿಂದ ಚಿಮ್ಮಿ ಕಾರಿನ ಅಡಿಗೆ ಅಂಟಿ, ಸಂದುಗೊಂದು ಸೇರಿ, ಕಬ್ಬಿಣವನ್ನು ಸದ್ದಿಲ್ಲದೆ ತಿನ್ನುತ್ತದೆ. ಹದಿನೇಳು ಚಳಿಗಾಲ ಇಂಥದೇ ರಸ್ತೆಗಳಲ್ಲಿ ಓಡಾಡಿದ ಮೇಲೆ ಅದು ಗೊತ್ತಾಗಿ ಗುರುಶಾಂತಪ್ಪನವರಿಗೆ ಮೋಸಹೋದ ಭಾವ. ಮರುದಿನವೇ ಕಪ್ಪು ರಬ್ಬರಿನ ಸ್ಪ್ರೇ ಡಬ್ಬಿಗಳನ್ನು ತರಿಸಿದರು. ಕಾರಿನ ಅಡಿಗೆ ಒಂದಿಂಚು ಜಾಗ ಬಿಡದೆ ಬಳಿದರು. ಅಂಚುಗಳಲ್ಲಿ ಅಲ್ಲಲ್ಲಿ ಸಣ್ಣ ತೂತುಗಳು ಕಂಡವು. ಕಂಪನಿಯವರು ಇಷ್ಟು ದೊಡ್ಡ ಕಾರು ಮಾಡಿ ತೂತು ಮುಚ್ಚುವುದನ್ನು ಮರೆತಿದ್ದಾರಲ್ಲ ಎಂದು ಮರುಗಿ, ಅವುಗಳನ್ನೂ ಎರಡೆರಡು ಸಲ ಬಳಿದು ಮುಚ್ಚಿದರು.

ಹತ್ತು ತಿಂಗಳ ನಂತರ ಕಾರು ಬ್ರೇಕಿನ ರಿಪೇರಿಗೆ ಹೋಯಿತು. ಮೆಕ್ಯಾನಿಕ್ಕಿನ ಹೆಸರು ಎಲ್ಮರ್, ಎಲ್ ಸಾಲ್ವಡಾರ್ ದೇಶದವನು, ಮೀಸೆ ನರೆತ ಶಾಂತ ಮನುಷ್ಯ. ಕಾರನ್ನು ಎತ್ತಿ ನಿಲ್ಲಿಸಿ, ಕೆಳಪಟ್ಟಿಯ ರಬ್ಬರನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿದ. ಸ್ಕ್ರೂಡ್ರೈವರು ಹಿಡಿಯವರೆಗೂ ಒಳಗೆ ಹೋಯಿತು. ಎಳೆದಾಗ ಅರ್ಧ ಲೋಟ ಕೆಂಪು ನೀರು ಸುರಿಯಿತು.

"ಒಳಗೆ ಹೋದ ನೀರು ಹೊರಗೆ ಬರಲಿ ಅಂತ ಈ ತೂತುಗಳನ್ನು ಇಟ್ಟಿರುತ್ತಾರೆ. ಇವನ್ನೆಲ್ಲ ಯಾರು ಮುಚ್ಚಿದ್ದು?" ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ.

ಗುರುಶಾಂತಪ್ಪನವರು ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ, "ಹಿಂದಿನ ಓನರ್," ಎಂದರು.

ಆ ಕಾರಿಗೆ ಹಿಂದಿನ ಓನರ್ ಎಂಬ ಪ್ರಾಣಿಯೇ ಇರಲಿಲ್ಲ. ಹೊಸದಾಗಿ ಕೊಂಡ ಕಾಗದವೂ ಹದಿನೆಂಟು ವರ್ಷದ ಸರ್ವಿಸ್ ಚೀಟಿಗಳೂ ಎಲ್ಮರನ ಮೇಜಿನ ಮೇಲೆಯೇ ಇದ್ದವು, ಎಲ್ಲದರ ಮೇಲೂ ಒಂದೇ ಹೆಸರು. ಎಲ್ಮರ್ ಸಜ್ಜನ. "ಹಿಂದಿನ ಓನರ್ ಬಹಳ ಶ್ರದ್ಧೆಯ ಮನುಷ್ಯ ಇರಬೇಕು," ಎಂದಷ್ಟೇ ಹೇಳಿ, ಕೊಳೆತ ಭಾಗ ಕತ್ತರಿಸಿ ತಗಡಿನ ತೇಪೆ ಹಾಕಿದ. ಇನ್ನು ಮುಂದೆ ರಬ್ಬರು ಬೇಡ, ಕುರಿ ಉಣ್ಣೆಯಿಂದ ತೆಗೆದ ಜಿಡ್ಡು ಬರುತ್ತದೆ, ಅದನ್ನು ವರ್ಷಕ್ಕೊಮ್ಮೆ ಹಚ್ಚು, ತೂತು ಬಿಟ್ಟು ಹಚ್ಚು ಎಂದು ಬುದ್ಧಿ ಹೇಳಿ ಕಳಿಸಿದ.

ಉಣ್ಣೆಯ ಜಿಡ್ಡು ಬಂತು. ಗುರುಶಾಂತಪ್ಪನವರು ಹಳೆಯ ಲುಂಗಿಯುಟ್ಟು ಎರಡು ದಿನ ಕಾರಿನಡಿ ಮಲಗಿ ಹಚ್ಚಿದರು. ಮೂರನೆಯ ದಿನ ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ ಗ್ಯಾರೇಜಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ದೇವರ ಜಗಲಿಗೆ ಬಂತು.

"ಗ್ಯಾರೇಜಿನ್ಯಾಗ ಕುರಿ ಕಟ್ಟೀರೇನ್ರಿ?" ಎಂದು ಪ್ರತಿಭಾ ಮೂಗಿಗೆ ಸೆರಗು ಹಿಡಿದು ಕೇಳಿದರು.

"ನ್ಯಾಚುರಲ್ ಪ್ರಾಡಕ್ಟ್. ಮೈಗೂ ಹಚ್ಚಿಕೋಬಹುದಂತ."

"ಹಚ್ಚಿಕೊಂಡೀರಲ್ಲ, ಕಾಣಸಾಕತ್ತೈತಿ. ತಲಿಯಿಂದ ಕಾಲತನಕ."

ಆ ಡಿಸೆಂಬರಿನಲ್ಲಿ ಇನ್ನೊಂದು ಜ್ಞಾನೋದಯವಾಯಿತು. ಬೆಚ್ಚಗಿನ ಗ್ಯಾರೇಜಿನಲ್ಲಿ ಉಪ್ಪಿನ ರಾಡಿ ಕರಗಿ ತುಕ್ಕು ಬೇಗ ಬೆಳೆಯುತ್ತದಂತೆ. ಹೊರಗೆ ಕೊರೆಯುವ ಚಳಿಯಲ್ಲಿ ನಿಂತ ಕಾರಿಗೆ ಅಷ್ಟು ಬೇಗ ತುಕ್ಕು ಹಿಡಿಯದಂತೆ. ಮನೆಗೆ ಇದ್ದದ್ದು ಒಂದೇ ಗ್ಯಾರೇಜು. ಹದಿನಾಲ್ಕು ವರ್ಷ ಅದರಲ್ಲಿ ಕ್ಯಾಮ್ರಿ ಮಲಗುತ್ತಿತ್ತು, ಪ್ರತಿಭಾ ಬೆಳಗಿನ ಐದಕ್ಕೆ ಎದ್ದು ತಮ್ಮ ಕಾರಿನ ಗಾಜಿನ ಮೇಲಿನ ಹಿಮ ಕೆರೆದು ಕೆಲಸಕ್ಕೆ ಹೋಗುತ್ತಿದ್ದರು. ಒಂದು ಸಂಜೆ ಗಂಡ ತಾವಾಗಿಯೇ ಬಂದು, "ಇನ್ ಮ್ಯಾಲೆ ನಿನ್ನ ಗಾಡಿ ಒಳಗ ನಿಲ್ಲಸು," ಎಂದಾಗ ಅವರಿಗೆ ಕಣ್ಣು ತುಂಬಿ ಬಂತು. ಉತ್ತರ ಕೆರೊಲಿನಾದ ಮಾರಿಸ್‌ವಿಲ್ಲಿನಲ್ಲಿರುವ ಮಗಳು ರಚನಾಗೆ ಫೋನು ಮಾಡಿ, ನಿಮ್ಮಪ್ಪ ಬದಲಾಗ್ಯಾರ ಎಂದೂ ಹೇಳಿದರು. ಕಾರಣ ಗೊತ್ತಾದದ್ದು ಒಂದು ವಾರದ ಮೇಲೆ. ರಚನಾಗೆ ಮತ್ತೆ ಫೋನು ಮಾಡಿ ತಿದ್ದುಪಡಿ ಕೊಟ್ಟರು.

2022ರ ಜನವರಿಯ ಮೊದಲ ಸೋಮವಾರ ಗೇಣೆತ್ತರ ಹಿಮ ಬಿತ್ತು. ಟೌನ್‌ಹೌಸುಗಳ ಒಳರಸ್ತೆಗಳನ್ನು ನೋಡಿಕೊಳ್ಳುವುದು ಮನೆ ಮಾಲೀಕರ ಸಂಘ. ಸಂಘ ಗೊತ್ತುಮಾಡಿದ ಗುತ್ತಿಗೆದಾರನ ಲಾರಿ ಬಂದು ಹಿಮ ತಳ್ಳಿ, ಹಿಂದಿನ ತಟ್ಟೆ ಗರಗರ ತಿರುಗಿಸುತ್ತಾ ಉಪ್ಪು ಎರಚಿತು. ಗುರುಶಾಂತಪ್ಪನವರು ಕಿಟಕಿಯಲ್ಲಿ ಚಹಾ ಕುಡಿಯುತ್ತಾ ನಿಂತಿದ್ದರು. ಡ್ರೈವ್‌ವೇಯಲ್ಲಿ ಯಾರ ತಂಟೆಗೂ ಹೋಗದೆ ನಿಂತಿದ್ದ ಕ್ಯಾಮ್ರಿಯ ಮಗ್ಗುಲಿಗೆ ಹರಳುಪ್ಪು ಚಟಚಟ ಬಡಿಯಿತು. ಆ ಸದ್ದು ಅವರ ಎದೆಗೇ ತಾಗಿತು. ಗುಡಿಯ ಕಮಿಟಿಗೆ ಸಹ ನಿಲ್ಲದಿದ್ದ ಮನುಷ್ಯ ಆ ಕ್ಷಣದಲ್ಲಿ ಸಾರ್ವಜನಿಕ ಸೇವೆಗೆ ಇಳಿಯಲು ತೀರ್ಮಾನಿಸಿದರು.

ಸಂಘದ ಅಧ್ಯಕ್ಷ ರವಿಶಂಕರ್ ಮೈಸೂರಿನವರು, ಮೂರು ಮನೆ ಆಚೆಗೆ ವಾಸ. ಸಾಫ್ಟ್‌ವೇರ್ ಕೆಲಸ, ವಿದ್ಯುತ್ ಕಾರು, ಮಾತು ಬೆಣ್ಣೆ. ಬೋರ್ಡಿಗೆ ಜನ ಸಿಗದೆ ಒದ್ದಾಡುತ್ತಿದ್ದ ಅವರು ತಾವಾಗಿಯೇ ಬಂದ ಬಕರಾನನ್ನು ನೋಡಿ ಖುಷಿಪಟ್ಟರು. "ಸರ್, ನಿಮ್ಮಂಥ ಸೀನಿಯರ್ ಇಂಜಿನಿಯರ್ಸ್ ಬೋರ್ಡ್‌ಗೆ ಬಂದ್ರೆ ನಮ್ಗೆ ಎಷ್ಟು ಹೆಲ್ಪ್ ಆಗತ್ತೆ ಗೊತ್ತಾ? ನಿಮ್ದು ಏನಾದ್ರೂ ಸ್ಪೆಸಿಫಿಕ್ ಇಂಟರೆಸ್ಟ್ ಇದ್ಯಾ?"

"ಪರಿಸರ," ಎಂದರು ಗುರುಶಾಂತಪ್ಪ.

ಮನೆಗೆ ಬಂದು ಹೆಂಡತಿಯನ್ನು ಕೇಳಿದರು. "ನಮ್ಮ ಮನಿ ಹಿಂದ ಎಲ್ಲೆರೆ ಹಳ್ಳ ಹರೀತೈತೇನು?"

"ಹದಿನಾಲ್ಕು ವರ್ಷಾತು ಇಲ್ಲಿ ಇದ್ದು. ದಿನಾ ನಾ ವಾಕಿಂಗ್ ಹೋಗೂದು ಎಲ್ಲಿಗೆ ಅಂತ ತಿಳಕೊಂಡೀರಿ?"

ಹಳ್ಳ ಇದೆ ಎಂದು ಖಚಿತವಾದ ಮೇಲೆ ಅವರ ವಾದಕ್ಕೆ ಎದುರೇ ಇರಲಿಲ್ಲ. ಆ ಶರತ್ಕಾಲದ ಸಭೆಯಲ್ಲಿ ಇಪ್ಪತ್ತೆರಡು ಸ್ಲೈಡುಗಳನ್ನು ತೋರಿಸಿದರು. ಉಪ್ಪು ಹಳ್ಳಕ್ಕೆ, ಹಳ್ಳದಿಂದ ನದಿಗೆ, ನದಿಯಿಂದ ಸಮುದ್ರಕ್ಕೆ ಹೋಗುತ್ತದೆ ಎಂದರು. ಸಮುದ್ರ ಮೊದಲೇ ಉಪ್ಪಲ್ಲವೇ ಎಂದು ಯಾರೂ ಕೇಳಲಿಲ್ಲ. ನಾಯಿಗಳ ಪಾದ, ಹುಲ್ಲಿನ ಬೇರು, ಕಪ್ಪೆಗಳ ಸಂತಾನ, ಒಂದನ್ನೂ ಬಿಡಲಿಲ್ಲ. ಮೂಲೆಯಲ್ಲಿದ್ದ ಅಮೆರಿಕನ್ ಅಜ್ಜಿಯೊಬ್ಬಳು ಯಾವ ಜಾತಿಯ ಕಪ್ಪೆ ಎಂದು ಕೇಳಿದಾಗ ಮಾತ್ರ ಸ್ಲೈಡಿನ ಕಡೆ ತಿರುಗಿಕೊಂಡು, "ಇಲ್ಲಿಯದೇ," ಎಂದರು. ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವೇ ಆಗಿತ್ತು. ಹೇಳಿದ ಕಾರಣ ಮಾತ್ರ ಸುಳ್ಳು. ಒಳರಸ್ತೆಗಳಿಗೆ ಇನ್ನು ಉಪ್ಪಿಲ್ಲ, ಮರಳು ಮಾತ್ರ ಎಂದು ನಿರ್ಣಯವಾಯಿತು. ತುರ್ತಿಗೆಂದು ರಸ್ತೆಯ ಮೂಲೆಮೂಲೆಗೆ ಇಟ್ಟಿದ್ದ ಉಪ್ಪಿನ ಡಬ್ಬಗಳನ್ನೂ ತೆಗೆಸಿದರು.

ಆ ಚಳಿಗಾಲ ವಾಷಿಂಗ್ಟನ್ ಸೀಮೆಗೆ ಹಿಮವೇ ಬೀಳಲಿಲ್ಲ. ಹೆಸರಿಗೆ ನಾಲ್ಕು ಎಸಳು ಉದುರಿ ನೆಲ ಮುಟ್ಟುವ ಮೊದಲೇ ಕರಗಿದವು. ಸಂಘದ ವಾರ್ತಾಪತ್ರದಲ್ಲಿ ಉಪ್ಪಿನ ಬಳಕೆ ನೂರಕ್ಕೆ ನೂರು ಇಳಿದಿದೆ ಎಂದು ದಪ್ಪಕ್ಷರದಲ್ಲಿ ಬಂತು. ಕೆಳಗೆ, ಹಳ್ಳದ ದಂಡೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಗುರುಶಾಂತಪ್ಪನವರ ಫೋಟೋ. ಬಿಸಿಲೇ ಕಾರಣವೆಂದು ಬರೆದರೆ ಫೋಟೋ ಹಾಕಲು ಯಾರೂ ಇರುತ್ತಿರಲಿಲ್ಲ.

ಸಂಘದ ಆಚೆಗಿನ ರಸ್ತೆಗಳ ಮೇಲೆ ಗುರುಶಾಂತಪ್ಪನವರ ಆಳ್ವಿಕೆ ನಡೆಯುವಂತಿರಲಿಲ್ಲ. ಹೀಗಾಗಿ ಹಿಮದ ಸುದ್ದಿ ಬಂದ ಕೂಡಲೇ ಕ್ಯಾಮ್ರಿಗೆ ರಜೆ. ಎರಡು ದೊಡ್ಡ ಮಳೆ ಬಂದು ರಸ್ತೆ ತೊಳೆದ ಮೇಲೆಯೇ ಅದು ಹೊರಗೆ ಹೋಗಬೇಕು. ಅನಿವಾರ್ಯವಾಗಿ ಹೋಗಿ ಬಂದರೆ ಅದರ ಹೊಟ್ಟೆಗೆ ಸ್ನಾನ. ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರನ್ನು ಕಾರಿನಡಿ ಇಟ್ಟು, ಲಾಂಡ್ರಿ ಕೋಣೆಯ ಬಿಸಿನೀರಿನ ನಲ್ಲಿಯಿಂದ ಪೈಪು ಎಳೆದು ಒಂದು ತಾಸು ಬಿಡುತ್ತಿದ್ದರು. ಜನವರಿಯಲ್ಲಿ ಹೊಗೆಯಾಡುವ ಕಾರಂಜಿಯ ಮೇಲೆ ಕಾರು ನಿಂತಿರುವುದನ್ನು ನೋಡಲು ನಾಯಿ ಕರೆದುಕೊಂಡು ಹೋಗುವವರೆಲ್ಲ ನಿಲ್ಲುತ್ತಿದ್ದರು.

ನಿಜವಾದ ಹಿಮ ಬಂದದ್ದು 2025ರ ಜನವರಿ ಆರಕ್ಕೆ. ಇಡೀ ದಿನ ಬಿತ್ತು. ಗುತ್ತಿಗೆದಾರನ ಲಾರಿ ನಿರ್ಣಯದ ಪ್ರಕಾರ ಮರಳು ಎರಚಿ ಹೋಯಿತು. ಹಗಲು ಕರಗಿದ ನೀರು ರಾತ್ರಿ ಗಟ್ಟಿಯಾಗಿ ಮರಳನ್ನು ಹೊಟ್ಟೆಯಲ್ಲಿಟ್ಟುಕೊಂಡಿತು. ಮೇಲೆ ಕನ್ನಡಿಯಂಥ ಮಂಜುಗಡ್ಡೆ. ಜನ ಬಾತುಕೋಳಿಗಳ ಹಾಗೆ ಹೆಜ್ಜೆಯಿಡುತ್ತಾ, ಪರಿಸರಕ್ಕಾಗಿ ಸಹಿಸಿಕೊಂಡರು. ಆ ಶನಿವಾರ ಮಧ್ಯಾಹ್ನ ಸ್ವಲ್ಪ ಬಿಸಿಲು ಬಿತ್ತು. ವಾರದ ನಡುವೆ ಔಷಧಿ ತರಲೆಂದು ಒಮ್ಮೆ ಹೊರಗೆ ಹೋಗಿ ಉಪ್ಪು ಮೆತ್ತಿಕೊಂಡು ಬಂದಿದ್ದ ಕ್ಯಾಮ್ರಿಯ ನೆನಪು ಗುರುಶಾಂತಪ್ಪನವರಿಗೆ ನಿದ್ದೆ ಕೆಡಿಸಿತ್ತು. ಸ್ಪ್ರಿಂಕ್ಲರ್ ಇಟ್ಟರು. ಒಂದು ತಾಸು ಎರಡಾಯಿತು. ಕಾರಿನಡಿಯಿಂದ ಹೊರಟ ನೀರು ಡ್ರೈವ್‌ವೇ ಇಳಿದು, ಕಾಲುದಾರಿ ದಾಟಿ, ರಸ್ತೆಯ ಇಳಿಜಾರಿನುದ್ದಕ್ಕೂ ಹರಿಯಿತು.

ಮರುದಿನ ಭಾನುವಾರ ಕನ್ನಡ ಸಂಘದ ಸಂಕ್ರಾಂತಿ. ಐವತ್ತು ಜನರಿಗೆ ಶೇಂಗಾ ಹೋಳಿಗೆ ಪ್ರತಿಭಾ ಅವರ ಪಾಲಿಗೆ ಬಂದಿತ್ತು. ಬೆಳಿಗ್ಗೆ ಏಳೂವರೆಗೆ ರವಿಶಂಕರ್ ಕಾರು ತಂದು ಡ್ರೈವ್‌ವೇಯ ಕೆಳಗೆ ನಿಲ್ಲಿಸಿ, ಡಬ್ಬಿಗಳನ್ನು ಒಯ್ಯಲು ಕರೆದರು. ಇಳಕಲ್ ಸೀರೆಯುಟ್ಟು, ಮೇಲೆ ದಪ್ಪ ಕೋಟು ಹಾಕಿ, ಮೂರು ಡಬ್ಬಿ ಎದೆಗವಚಿಕೊಂಡು ಪ್ರತಿಭಾ ಹೊರಗೆ ಕಾಲಿಟ್ಟರು. ಎರಡನೆಯ ಹೆಜ್ಜೆಗೆ ನೆಲ ಇರಲಿಲ್ಲ.

ಡಬ್ಬಿಗಳು ಮೊದಲು ರಸ್ತೆ ಮುಟ್ಟಿದವು. ಹೋಳಿಗೆಗಳು ಒಂದೊಂದಾಗಿ ಜಾರುತ್ತಾ ರವಿಶಂಕರರ ಬೂಟಿನವರೆಗೂ ಹೋದವು. ಅವರು "ಅಯ್ಯೋ, ಅಕ್ಕಾ!" ಎಂದು ಓಡಲು ಹೋಗಿ ಅಲ್ಲೇ ಕುಕ್ಕರಿಸಿ ಬಿದ್ದರು. ಗುರುಶಾಂತಪ್ಪನವರು ಸದ್ದು ಕೇಳಿ ಬಾಗಿಲಿಗೆ ಬಂದಾಗ ಹೆಂಡತಿ ಕ್ಯಾಮ್ರಿಯ ಗಾಲಿಗೆ ಒರಗಿ ಬಿದ್ದಿದ್ದರು. ಬಲಗೈ ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ.

"ಏಳಾಕ ಆಗವಲ್ತು ರೀ. ಸೊಂಟ ಹಿಡದೈತಿ."

ಅವರು ತೆವಳುತ್ತಾ ಹೋಗಿ ಪಕ್ಕದಲ್ಲಿ ಕೂತು 911ಕ್ಕೆ ಫೋನು ಮಾಡಿದರು. ಆಂಬ್ಯುಲೆನ್ಸು ಎಂಟು ನಿಮಿಷಕ್ಕೆ ಬಂತು. ಆದರೆ ಇಳಿಜಾರಿನ ಬುಡದಲ್ಲಿ ಅದರ ಗಾಲಿಗಳು ತಿರುಗಿದ್ದೇ ಬಂತು, ಗಾಡಿ ಮೇಲೇರಲಿಲ್ಲ. ಇಬ್ಬರು ಸಿಬ್ಬಂದಿ ಇಳಿದು, ಬೇಲಿ ಹಿಡಿದುಕೊಂಡು ಮೇಲೆ ಬಂದರು. ಒಬ್ಬಳು ಪ್ರತಿಭಾ ಅವರ ಕೈಗೆ ಪಟ್ಟಿ ಕಟ್ಟುವಾಗ ಇನ್ನೊಬ್ಬ ಸುತ್ತ ನೋಡಿ, ಈ ಇಳಿಜಾರಿನಲ್ಲಿ ಸ್ಟ್ರೆಚರ್ ಹೊತ್ತರೆ ನಾವೂ ಬೀಳುತ್ತೇವೆ, ಇಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದು ಕೇಳಿದ.

ರಸ್ತೆಯಲ್ಲಿ ಕೂತಲ್ಲಿಂದಲೇ ರವಿಶಂಕರ್ ಅಭ್ಯಾಸಬಲದಿಂದ, "ನಮ್ಮದು ಉಪ್ಪುರಹಿತ ಸಮುದಾಯ," ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಆ ಮನುಷ್ಯ ಅವರನ್ನೂ, ಅವರ ಸುತ್ತಲಿದ್ದ ಹೋಳಿಗೆಗಳನ್ನೂ ಒಮ್ಮೆ ನೋಡಿದ.

ಗುರುಶಾಂತಪ್ಪನವರು ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಪುಡಿಯುಪ್ಪಿನ ಭರಣಿ ಹಿಡಿದು ಬಾಗಿಲಿಗೆ ಬಂದಾಗ, ನೆಲದಲ್ಲಿ ಬಿದ್ದ ಪ್ರತಿಭಾ ಹಲ್ಲು ಕಚ್ಚಿಕೊಂಡೇ ಹೇಳಿದರು: "ಅದಲ್ರೀ. ಉಪ್ಪಿನಕಾಯಿಗೆ ತಂದ ಹರಳುಪ್ಪು ಐತಿ, ಸಿಂಕಿನ ಕೆಳಗ. ಅದನ್ನ ಚೀಲದ ಸಮೇತ ತರ್ರಿ."

ಚೀಲ ತಂದರು. ಬಾಗಿಲಿನಿಂದ ಶುರು ಮಾಡಿ ಹಿಡಿ ಹಿಡಿಯಾಗಿ ಎರಚುತ್ತಾ ಇಳಿದರು. ಕಾರಿನ ಪಕ್ಕದಲ್ಲಿ ಮಂಜುಗಡ್ಡೆ ಎಲ್ಲಕ್ಕಿಂತ ದಪ್ಪವಾಗಿತ್ತು. ನಿನ್ನೆ ಎರಡು ತಾಸು ನೀರು ನಿಂತ ಜಾಗ ಅದು. ಅಲ್ಲಿ ಎರಡು ಹಿಡಿ ಹೆಚ್ಚು ಹಾಕಿದರು. ಹರಳುಗಳು ಪುಟಿದು ಕಾರಿನ ಅಡಿಗೂ ಹೋದವು. ಅವರು ಅತ್ತ ನೋಡಲಿಲ್ಲ. ಚೀಲ ಖಾಲಿಯಾದಾಗ ಇಳಿಜಾರಿನ ಅರ್ಧ ಮುಗಿದಿತ್ತು. ಉಳಿದರ್ಧಕ್ಕೆ ಅದೇ ಕಪ್ಪೆಯ ಅಜ್ಜಿ ತನ್ನ ಮನೆಯಿಂದ ಒಂದು ಬಕೆಟ್ಟು ಉಪ್ಪು ತಂದುಕೊಟ್ಟಳು. ನಿರ್ಣಯಕ್ಕೆ ಕೈಯೆತ್ತಿದ ಮರುದಿನವೇ ಅವಳು ಅದನ್ನು ತಂದಿಟ್ಟುಕೊಂಡಿದ್ದಳಂತೆ.

ಸೊಂಟಕ್ಕೆ ಬರೀ ಪೆಟ್ಟು. ಮಣಿಕಟ್ಟು ಮಾತ್ರ ಎರಡು ಕಡೆ ಮುರಿದಿತ್ತು. ಆರು ವಾರ ಪ್ಲಾಸ್ಟರು. ಆಸ್ಪತ್ರೆಯಲ್ಲಿ ನರ್ಸು ಹೇಗಾಯಿತು ಎಂದು ಕೇಳಿದಾಗ ಪ್ರತಿಭಾ "ಐಸ್" ಎಂದಷ್ಟೇ ಹೇಳಿದರು. ಪಕ್ಕದಲ್ಲಿ ಕೋಟು ಹಿಡಿದು ನಿಂತಿದ್ದ ಗುರುಶಾಂತಪ್ಪನವರು ಮುಂದಿನ ಮಾತಿಗಾಗಿ ಕಾದರು. ಮುಂದಿನ ಮಾತು ಬರಲಿಲ್ಲ.

ಮನೆಯಲ್ಲಾದರೂ ಬರುತ್ತದೆ ಎಂದುಕೊಂಡರು. ಅಲ್ಲೂ ಬರಲಿಲ್ಲ. ಬೈದಿದ್ದರೆ ಅರ್ಧ ದಿನಕ್ಕೆ ಮುಗಿಯುತ್ತಿತ್ತು. ಪ್ರತಿಭಾ ಬೈಯಲಿಲ್ಲ, ಬರೀ ಕೆಲಸ ಹೇಳಿದರು. ಅಮೆರಿಕಕ್ಕೆ ಬಂದು ಮೂವತ್ತು ವರ್ಷವಾದರೂ ರಾತ್ರಿಗೆ ಜೋಳದ ರೊಟ್ಟಿ ಇಲ್ಲದೆ ಗುರುಶಾಂತಪ್ಪನವರಿಗೆ ಊಟ ಇಳಿಯುತ್ತಿರಲಿಲ್ಲ. ಅದನ್ನು ಬಡಿಯಲು ಎರಡು ಕೈ ಬೇಕು ಎಂಬುದು ಅವರಿಗೆ ಆಗಲೇ ಹೊಳೆದದ್ದು. ಪ್ರತಿಭಾ ಕುರ್ಚಿ ಹಾಕಿಕೊಂಡು ಕೂತರು, ಇವರು ಹಿಟ್ಟು ನಾದಿದರು.

"ಮ್ಯಾಲೆ ನೀರು ಸವರ್ರಿ. ಹಗೂರಕ. ಅದು ಗಾಡಿ ಅಲ್ಲ, ಗ್ರೀಸ್ ಹಚ್ಚಿದಂಗ ಹಚ್ಚಬ್ಯಾಡ್ರಿ."

ಮೊದಲ ದಿನದ ರೊಟ್ಟಿ ಮೂರು ತುಂಡಾಗಿ ಹಂಚಿಗೆ ಬಿತ್ತು. ಎರಡನೆಯ ವಾರಕ್ಕೆ ದುಂಡಗಲ್ಲದಿದ್ದರೂ ಇಡಿಯಾಗಿ ಬಂತು.

ಒಂದು ಬೆಳಿಗ್ಗೆ ಹೆಂಡತಿಯ ಕೂದಲು ಬಾಚಿ ಜಡೆ ಹೆಣೆಯಲು ಹೆಣಗುತ್ತಿದ್ದಾಗ ಪ್ರತಿಭಾ ಕನ್ನಡಿ ನೋಡುತ್ತಾ ತಣ್ಣಗೆ ಹೇಳಿದರು: "ಆ ನೀರು ನಿಮ್ಮದ ಅಂತ ನನಗ ಗೊತ್ತಿತ್ತು ರೀ. ಶನಿವಾರ ಕಿಟಕ್ಯಾಗ ನಿಂತು ನೋಡಾಕತ್ತಿದ್ದೆ. ಹೆಪ್ಪುಗಟ್ಟತೈತಿ, ಬಂದ್ ಮಾಡ್ರಿ ಅನ್ನಬೇಕಂದೆ. ಅಂದಿದ್ರ ಕೇಳತಿದ್ರೇನು?"

ಜಡೆಯ ಮೂರು ಎಳೆಗಳು ಗುರುಶಾಂತಪ್ಪನವರ ಕೈಯಲ್ಲಿ ಹಾಗೇ ನಿಂತವು. ಕೇಳುತ್ತಿದ್ದೆ ಎಂದು ಹೇಳಲು ಬಾಯಿ ತೆರೆದರು. ಎಲ್ಮರನಿಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ ಬಾಯಿಗೆ ಇಲ್ಲಿ ಆಗಲಿಲ್ಲ.

"ಇಲ್ಲ," ಎಂದರು.

"ಅದಕ್ಕ ಅನ್ನಲಿಲ್ಲ. ಗಟ್ಟಿ ಹೆಣೀರಿ, ಸಂಜೀತನಕ ನಿಲ್ಲಬೇಕು."

ಆ ವಾರದ ಬೋರ್ಡ್ ಸಭೆ ಜೂಮಿನಲ್ಲಿ ನಡೆಯಿತು. ಗುರುಶಾಂತಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತರು. ತಮ್ಮ ಸರದಿ ಬಂದಾಗ ಐದು ನಿಮಿಷ ಮಾತಾಡಿದರು. ಹಳ್ಳವನ್ನು ಸ್ಲೈಡು ತೋರಿಸಿದ ಸಭೆಯ ಹಿಂದಿನ ವಾರದವರೆಗೂ ನೋಡಿರಲಿಲ್ಲ, ಕಪ್ಪೆಯನ್ನು ಇವತ್ತಿಗೂ ನೋಡಿಲ್ಲ, ಎಲ್ಲವನ್ನೂ ಒಂದು ಹಳೆಯ ಕಾರಿಗಾಗಿ ಮಾಡಿದೆ, ರಸ್ತೆಗೆ ನೀರು ಬಿಟ್ಟದ್ದೂ ನಾನೇ ಎಂದು ಒಂದನ್ನೂ ಬಿಡದೆ ಹೇಳಿ, ಕ್ಷಮೆ ಕೇಳಿ ನಿಲ್ಲಿಸಿದರು.

"ಸರ್, ನೀವು ಮ್ಯೂಟ್‌ನಲ್ಲಿದೀರಾ," ಎಂದರು ರವಿಶಂಕರ್.

ಎರಡನೆಯ ಸಲ ಹೇಳಿದಾಗ ಎರಡು ನಿಮಿಷ ಸಾಕಾಯಿತು. ಪಶ್ಚಾತ್ತಾಪವೂ ಮೊದಲಿನಷ್ಟು ಬಿಸಿಯಿರಲಿಲ್ಲ. ಕೇಳಿದವರು ಪ್ರತಿಭಾ ಅವರ ಕೈ ಹೇಗಿದೆ ಎಂದು ವಿಚಾರಿಸಿದರು. ಸಭೆ ಮುಗಿದ ಮೇಲೆ ರವಿಶಂಕರ್ ಬೇರೆಯಾಗಿ ಫೋನು ಮಾಡಿದರು. "ಸರ್, ಇದನ್ನೆಲ್ಲ ಮಿನಿಟ್ಸ್‌ನಲ್ಲಿ ಹಾಕೋದು ಬೇಡ. ನಾನು ಆಲ್ರೆಡಿ ಗ್ರೀನ್ ಕಮ್ಯುನಿಟಿ ಅವಾರ್ಡ್‌ಗೆ ಅಪ್ಲೈ ಮಾಡ್ಬಿಟ್ಟಿದೀನಿ. ನಿಮ್ ಫೋಟೋನೂ ಕಳ್ಸಿದೀನಿ."

"ನಾ ಬೋರ್ಡ್ ಬಿಡತೀನ್ರಿ."

"ಬಿಟ್ರೆ ಯಾರಿದಾರೆ ಸರ್? ಸೀಟ್‌ಗೆ ಯಾರೂ ನಿಲ್ಲಲ್ಲ. ಇರಿ ನೀವು."

ಹೀಗೆ, ತಪ್ಪೊಪ್ಪಿಕೊಂಡರೂ ಅವರಿಗೆ ಬಿಡುಗಡೆ ಸಿಗಲಿಲ್ಲ. ಇಳಿಜಾರಿಗೂ ಮೆಟ್ಟಿಲುಗಳಿಗೂ ಅಳತೆಯಿಂದ ಉಪ್ಪು, ಉಳಿದ ಕಡೆ ಮರಳು ಎಂದು ನಿರ್ಣಯ ತಿದ್ದಲಾಯಿತು. ಅದು ಮೊದಲೇ ಆಗಬೇಕಿದ್ದ ನಿರ್ಣಯ. ಉಪ್ಪಿನ ಡಬ್ಬಗಳು ವಾಪಸು ಬಂದವು. ಹಿಮ ಬಿದ್ದ ಬೆಳಿಗ್ಗೆ ಇಳಿಜಾರಿಗೆ ಉಪ್ಪು ಹಾಕುವ ಕೆಲಸ ಯಾರದು ಎಂಬ ಪ್ರಶ್ನೆಗೆ ಗುರುಶಾಂತಪ್ಪನವರೇ ಕೈಯೆತ್ತಿದರು.

ಫೆಬ್ರವರಿಯ ಮೂರನೆಯ ವಾರ ರಚನಾ, ಅಮ್ಮನನ್ನು ಕರೆದುಕೊಂಡು ಬಾ ಎಂದು ಹಟ ಹಿಡಿದಳು. ಮಾರಿಸ್‌ವಿಲ್ಲಿಗೆ ಐದು ತಾಸಿನ ದಾರಿ. ಗುರುಶಾಂತಪ್ಪನವರು ಹೆಂಡತಿಯ ಹೊಸ ಕಾರಿಗೆ ಪೆಟ್ಟಿಗೆ ತುಂಬಲು ಹೋದಾಗ ಪ್ರತಿಭಾ ತಡೆದರು.

"ನಿಮ್ಮ ಗಾಡಿಯಾಗ ಹೋಗೂಣ."

"ಅದರಾಗ ಯಾಕ? ಸೀಟು ಗಟ್ಟಿ ಅದಾವ. ನಿನ್ನ ಸೊಂಟ..."

"ಇಷ್ಟು ವರ್ಷ ಅದನ್ನ ಯಾತಕ್ಕ ಉಳಿಸೀರಿ? ಕುಂತು ಹೋಗಾಕ ಅಲ್ಲೇನು? ನಡೀರಿ."

ವರ್ಜೀನಿಯಾ ದಾಟಿ ಉತ್ತರ ಕೆರೊಲಿನಾ ಹೊಕ್ಕಾಗ ಗುರುಶಾಂತಪ್ಪನವರ ಮುಖ ಅರಳಿತು. ಇನ್ನು ಮುಂದೆ ದಕ್ಷಿಣ ಸೀಮೆ, ಉಪ್ಪಿನ ಕಾಟ ಇಲ್ಲ ಎಂದು ಹೆಂಡತಿಗೆ ವಿವರಿಸುತ್ತಿದ್ದರು. ದಾರಿಯಲ್ಲಿನ ಡರ್ಹಮ್ ಪಟ್ಟಣ ಇನ್ನೂ ಅರ್ಧ ತಾಸು ಇರುವಾಗ ರಸ್ತೆಯುದ್ದಕ್ಕೂ ಬಾಚಣಿಗೆ ಎಳೆದಂಥ ಬಿಳಿ ಗೆರೆಗಳು ಕಂಡವು. ಮರುದಿನ ಎರಡು ಇಂಚು ಹಿಮ ಬೀಳುವ ಸುದ್ದಿಗೆ ಇಡೀ ರಾಜ್ಯ ಕಂಗಾಲಾಗಿ, ಕಂಡ ರಸ್ತೆಗೆಲ್ಲ ಉಪ್ಪುನೀರು ಬಿಡುತ್ತಿತ್ತು. ಸ್ವಲ್ಪ ಮುಂದೆ ಟ್ಯಾಂಕರು ಲಾರಿಯೊಂದು ಹಿಂಬದಿಯಿಂದ ಹತ್ತಾರು ಧಾರೆ ಸುರಿಸುತ್ತಾ ನಿಧಾನವಾಗಿ ಹೋಗುತ್ತಿತ್ತು.

ಗುರುಶಾಂತಪ್ಪನವರು ಕಾರಿನ ವೇಗ ತಗ್ಗಿಸಿದರು. ಲಾರಿಗೂ ತಮಗೂ ನಡುವೆ ಒಂದು ಫರ್ಲಾಂಗು ಜಾಗ ಬಿಟ್ಟು ಹಿಂದೆಯೇ ಹೋದರು. ಹಿಂದಿನಿಂದ ಹಾರ್ನುಗಳು ಬಂದವು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಪ್ರತಿಭಾ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡರು. ರಸ್ತೆಯ ಸಣ್ಣ ಕುಲುಕಿಗೂ ಅವರು ಮುಖ ಕಿವುಚುತ್ತಿದ್ದರು.

ಗುರುಶಾಂತಪ್ಪನವರು ಅವರ ಕಡೆ ನೋಡಿದರು. ಎಡಕ್ಕೆ ಸಿಗ್ನಲ್ ಹಾಕಿ ಲಾರಿಯ ಪಕ್ಕಕ್ಕೆ ನುಗ್ಗಿದರು. ಉಪ್ಪುನೀರು ಗಾಜಿಗೆ, ಬಾಗಿಲಿಗೆ, ಅಡಿಗೆ ಮಳೆಯಂತೆ ಬಡಿಯಿತು. ವೈಪರ್ ಹಾಕಿಕೊಂಡು ದಾಟಿದರು.

ಮಾರಿಸ್‌ವಿಲ್ಲಿನಲ್ಲಿ ರಚನಾ ಬಾಗಿಲಲ್ಲೇ ಕಾಯುತ್ತಿದ್ದಳು. ಅಮ್ಮನನ್ನು ಒಳಗೆ ಕೂರಿಸಿ ಬಂದು, ಬೆಳ್ಳಗಾದ ಕಾರನ್ನು ನೋಡಿ ಗಾಬರಿಯಾದಳು. "ಅಪ್ಪಾ, ಓ ಮೈ ಗಾಡ್! ಹತ್ರ ಒಂದು ಕಾರ್ ವಾಶ್ ಇದೆ, ಅಂಡರ್‌ಬಾಡಿ ಕೂಡ ಮಾಡ್ತಾರೆ. ಆರು ಗಂಟೆಗೆ ಕ್ಲೋಸ್. ಈಗ್ಲೇ ಹೋಗ್ತೀಯಾ?"

"ಹಿಟ್ಟು ಐತೇನು ಮನ್ಯಾಗ? ಜೋಳದ್ದು?"

"ವಾಟ್? ಇದೆ... ಐ ಥಿಂಕ್."

"ಮೊದಲ ರೊಟ್ಟಿ ಮಾಡೂಣ. ನಿಮ್ಮವ್ವ ಮುಂಜಾನಿಯಿಂದ ಏನೂ ತಿಂದಿಲ್ಲ," ಎಂದು ಗುರುಶಾಂತಪ್ಪನವರು ತೋಳು ಮಡಚುತ್ತಾ ಒಳಗೆ ಹೋದರು.

ಮರುದಿನ ಹಿಮ ಬಿತ್ತು, ಕಾರ್ ವಾಶು ಮುಚ್ಚಿತು. ಕ್ಯಾಮ್ರಿ ನಾಲ್ಕು ದಿನ ಉಪ್ಪು ಮೆತ್ತಿಕೊಂಡೇ ಬೀದಿಯಲ್ಲಿ ನಿಂತಿತ್ತು.